ಹೊಯಿಗೆಗೆ ಬಳಿದ ಹಸಿರು

ಸಿಟ್ಟು ಮಾಡಿಕೊಳ್ಳಲಿಕ್ಕೂ ಸ್ವಲ್ಪ ಧೈರ್ಯ ಬೇಕು. ಅದು ನನ್ನಲ್ಲಿ ಹುಟ್ಟಿನಿಂದಲೇ ಕಡಿಮೆ. ಉರ್ವದ ಮನೆಯಿಂದ ಬಸ್ಸಿಗೆ ಹೊರಟವನು, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಓಡಿದ್ದುಂಟು. ಹೆಂಡತಿ ಒಳಗೇ ಇದ್ದಾಳೆ, ಬೀಗದ ಪ್ರಶ್ನೆಯೇ ಇಲ್ಲ ಎಂಬುದು ಗೇಟಿನ ಹತ್ತಿರ ಬಂದ ಮೇಲೆ ಹೊಳೆಯುತ್ತಿತ್ತು. ಇಂಥವನಿಗೂ ಯಾರಾದರೂ ಬೆಂಗ್ರೆಯ ನಕ್ಷೆಯ ವಿಷಯ ಎತ್ತಿದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಆ ಸಿಟ್ಟಿನ ಮುಕ್ಕಾಲು ಪಾಲು ನಮ್ಮ ಕಚೇರಿಯ ಮೇಲೆ. ಉಳಿದ ಕಾಲು ಪಾಲು ನನ್ನ ಮೇಲೆಯೇ. ಯಾಕೆ ಎಂದು ಹೇಳುತ್ತೇನೆ.

ಆಗ ನಾನು ಊರಿನ ಯೋಜನೆ ತಯಾರಿಸುವ ಕಚೇರಿಯಲ್ಲಿ ಗುಮಾಸ್ತ. ಕೊಡಿಯಾಲ್‌ಬೈಲಿನ ಒಂದು ಹಳೆ ಹಂಚಿನ ಕಟ್ಟಡ, ಮಳೆ ಬಂದರೆ ನನ್ನ ಮೇಜಿನ ಮೇಲೆಯೇ ಸೋರುವ ಮಾಡು. ಮನೆಯಲ್ಲಿ ಕೊಂಕಣಿ, ದೋಣಿ ನಿಲ್ಲುವ ದಕ್ಕೆಯಲ್ಲಿ ತುಳು, ಫೈಲಿನಲ್ಲಿ ಕನ್ನಡ, ಮೇಲಧಿಕಾರಿಗಳ ಎದುರು ಹೆದರುವಾಗ ಇಂಗ್ಲಿಷು, ಹೀಗೆ ನನ್ನ ಬದುಕು ನಾಲ್ಕು ಭಾಷೆಗಳಲ್ಲಿ ನಡೆಯುತ್ತಿತ್ತು. ಐವತ್ತರ ದಶಕದ ಮೊದಲಲ್ಲಿ ಕೆಲಸಕ್ಕೆ ಸೇರುವಾಗ ನಾವು ಮದರಾಸಿನ ಕೈಕೆಳಗೆ. ಆಮೇಲೆ ಮೈಸೂರಿನ ಕೈಕೆಳಗೆ ಬಂದೆವು. ಕುರ್ಚಿ ಅದೇ, ಮೇಜು ಅದೇ, ಬೈಗುಳ ಮಾತ್ರ ಘಟ್ಟದ ಮೇಲಿನ ಕನ್ನಡಕ್ಕೆ ಬದಲಾಯಿತು.

ಅರವತ್ತರ ದಶಕದ ನಡುವೆ ಒಂದು ಆಜ್ಞೆ ಬಂತು. ಹೊಸ ಬಂದರು ಆಗುತ್ತಾ ಉಂಟು, ಊರು ಬೆಳೆಯುತ್ತದೆ, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂದು ಮೊದಲೇ ಗುರುತು ಮಾಡಿ ನಿಯಮ ಬರೆದಿಡಿ ಎಂದು. ಒಳ್ಳೆಯ ಮಾತೇ. ಹಾಗೆ ಊರನ್ನೆಲ್ಲ ಒಂದು ದೊಡ್ಡ ಕಾಗದದ ಮೇಲೆ ಹರಡಿ ಬಣ್ಣ ಹಾಕಿದರು. ಮನೆಗಳಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಯಾವ ಬಣ್ಣದಲ್ಲಿ ಯಾವ ಕೆಲಸ ಮಾಡಬಹುದು, ಯಾವುದು ಕೂಡದು ಎಂದು ನಕ್ಷೆಯ ಜೊತೆಗೆ ಒಂದು ಪುಸ್ತಕದಷ್ಟು ನಿಯಮ. ಹಸಿರಿನಲ್ಲಿ ನಡೆಯಬಹುದು, ಕೂತುಕೊಳ್ಳಬಹುದು, ಮಕ್ಕಳನ್ನು ಆಡಿಸಬಹುದು. ಬೇರೆ ಯಾವ ಉದ್ಯೋಗವೂ ಕೂಡದು.

ನದಿಗೂ ಕಡಲಿಗೂ ನಡುವೆ ನಾಲಿಗೆಯ ಹಾಗೆ ಚಾಚಿಕೊಂಡ ಬೆಂಗ್ರೆಯಲ್ಲಿ ಮನೆಗಳ ಸಾಲಿಗೆ ಹಳದಿ ಬಿತ್ತು. ಕಡಲ ಕಡೆಯ ಹೊಯಿಗೆಯ, ಅಂದರೆ ಮರಳಿನ, ಉದ್ದಕ್ಕೂ ಹಸಿರು ಬಿತ್ತು.

ಆ ಹಸಿರು ಹೇಗೆ ಬಿತ್ತು ಎಂದು ನನಗೆ ಗೊತ್ತುಂಟು, ಯಾಕೆಂದರೆ ಆ ದಿನ ಕೊಡೆ ಹಿಡಿದವನು ನಾನು. ನಮ್ಮ ಅಧಿಕಾರಿಗಳು ಮೈಸೂರಿನ ಕಡೆಯವರು. ಮೃದು ಮಾತಿನ, ಶುಭ್ರ ಉಡುಪಿನ ಮನುಷ್ಯ. ಕಡಲನ್ನು ಮೊದಲು ಕಂಡದ್ದು ಇಲ್ಲಿಗೆ ವರ್ಗವಾಗಿ ಬಂದ ಮೇಲೆ. ಅವರು ಬೆಂಗ್ರೆಯನ್ನು ನೋಡಲು ನದಿ ದಾಟಿಸುವ ಕಡವಿನ ದೋಣಿ ಹತ್ತಿದ್ದು ಜುಲೈ ತಿಂಗಳಲ್ಲಿ. ಜುಲೈಯಲ್ಲಿ ನಮ್ಮ ಕಡಲಿಗೆ ಯಾರು ಇಳಿಯುತ್ತಾರೆ? ದೋಣಿಗಳು ತೆಂಗಿನ ಮಡಲಿನ ಮಾಡಿನ ಒಳಗೆ ಮಲಗಿದ್ದವು. ಬಲೆಗಳು ಮನೆಯ ಅಟ್ಟ ಹತ್ತಿದ್ದವು. ಹೊಯಿಗೆಯ ಮೇಲೆ ಮಳೆ ಬಿಟ್ಟರೆ ಇನ್ನೊಂದಿಲ್ಲ. ಅಧಿಕಾರಿಗಳು ಇಪ್ಪತ್ತು ಹೆಜ್ಜೆ ನಡೆದು ನಿಂತು, "ಇಷ್ಟು ಜಾಗ ಖಾಲಿ ಬಿದ್ದಿದೆಯಲ್ರೀ, ಎಂಥಾ ಚೆಂದ! ಊರಿನವರಿಗೆ ವಿಹಾರಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎಂದರು.

ನಾನು ಈ ಕಡಲ ಊರಿನಲ್ಲೇ ಹುಟ್ಟಿದವನು. ಆಗಸ್ಟಿನಲ್ಲಿ ನೂಲ ಹುಣ್ಣಿಮೆ ಕಳೆದು, ಕಡಲಿಗೆ ಹಾಲು ಎರೆದ ಮರುದಿನದಿಂದ ಅಲ್ಲಿ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ರಂಪಣಿ ಬಲೆ ಎಂದರೆ ಒಂದು ಮನೆಯ ಬಲೆ ಅಲ್ಲ. ಹತ್ತಿಪ್ಪತ್ತು ಮನೆಯವರು ತಮ್ಮ ತಮ್ಮ ತುಂಡು ತಂದು ಹೊಲಿದು ಸೇರಿಸಿದ, ಕಡಲಿಗೆ ಬೇಲಿ ಹಾಕಿದ ಹಾಗೆ ಬೀಸುವ ಬಲೆ. ಎರಡು ತುದಿಯ ಹಗ್ಗ ಹಿಡಿದು ಊರಿಗೆ ಊರೇ ದಡದಲ್ಲಿ ನಿಂತು ಎಳೆಯಬೇಕು. ಎಳೆದ ಬಲೆಯನ್ನು ಅದೇ ದಿನ ಅದೇ ಹೊಯಿಗೆಯ ಮೇಲೆ ಹರಡಿ ಒಣಗಿಸಬೇಕು. ಹತ್ತಿಯ ನೂಲು, ಎರಡು ದಿನ ಹಸಿ ಇದ್ದರೆ ಕೊಳೆಯುತ್ತದೆ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಬಹುದಿತ್ತು. ಆದರೆ ಗಾಳಿಗೆ ಕೊಡೆ ಮಗುಚುತ್ತಿತ್ತು. ಸಾಹೇಬರಿಗೆ ಶೀತವಾದರೆ ನನ್ನ ಹೆಸರು ಬರುತ್ತದಲ್ಲ ಎಂಬ ಚಿಂತೆಯಲ್ಲಿ ಎರಡೂ ಕೈಯಲ್ಲಿ ಕೊಡೆ ಹಿಡಿದು, "ಹೌದು ಸಾರ್" ಎಂದೆ.

ಕರಡು ನಕ್ಷೆಯನ್ನು ಕಚೇರಿಯ ಗೋಡೆಗೆ ತೂಗುಹಾಕಿ, ಆಕ್ಷೇಪಣೆ ಇದ್ದವರು ಇಂತಿಷ್ಟು ದಿನದ ಒಳಗೆ ಬರೆದು ಕೊಡಿ ಎಂದು ಪ್ರಕಟಣೆ ಹೊರಡಿಸಿದೆವು. ಬರುವ ಕಾಗದಗಳನ್ನು ರಿಜಿಸ್ಟರಿನಲ್ಲಿ ಹತ್ತಿಸಿ ನಂಬರು ಕೊಡುವ ಕೆಲಸ ನನ್ನದು. ಕೆಲವು ದಿನ ಕಳೆದು ಬೆಂಗ್ರೆಯ ಗುರಿಕಾರರು ನಾಲ್ಕು ಜನರ ಜೊತೆಗೆ ಬಂದರು. ಗುರಿಕಾರ ಎಂದರೆ ಆ ಕೇರಿಯ ಹಿರಿಯ. ಬಲೆ ಯಾವಾಗ ಬೀಸಬೇಕು, ಪಾಲು ಹೇಗೆ ಹಂಚಬೇಕು, ಜಗಳ ಹೇಗೆ ಮುಗಿಸಬೇಕು ಎಂದು ಹೇಳುವವರು. ಬಿಳಿ ಮೀಸೆ, ಹೆಗಲಿಗೆ ಟವಲಿನ ಹಾಗೆ ಕೆಂಪು ಬೈರಾಸು. ನಕ್ಷೆಯ ಎದುರು ತುಂಬ ಹೊತ್ತು ನಿಂತು, ತುಳುವರು ನಮ್ಮ ಕ್ರಿಸ್ತುವರನ್ನು ಕರೆಯುವ ಹಾಗೆ ನನ್ನನ್ನು ಕರೆದರು.

"ಪೊರ್ಬುಲೇ, ಈ ಹಸಿರು ಎಂತದ್ದು?"

"ಉದ್ಯಾನ."

"ಉದ್ಯಾನದಲ್ಲಿ ಎಂತ ಮಾಡುವುದು?"

"ಗಾಳಿ ತೆಗೆದುಕೊಳ್ಳುವುದು."

"ಗಾಳಿ ಈಗಲೇ ಉಂಟಲ್ಲ ಮಾರಾಯ್ರೆ! ಅದಕ್ಕೆ ಬಣ್ಣ ಹಾಕಬೇಕಾ?" ಎಂದು ನಕ್ಕರು. ಬಲೆ ಒಣಗಿಸುವುದೂ ಮೀನು ಒಣಗಿಸುವುದೂ ಉದ್ಯೋಗ, ಉದ್ಯೋಗ ಹಸಿರಿನಲ್ಲಿ ಕೂಡದು ಎಂದು ನಾನು ನಿಧಾನ ಬಿಡಿಸಿ ಹೇಳಿದೆ. ನಗು ನಿಂತಿತು. ಜೊತೆಗಿದ್ದವರೊಬ್ಬರು ಏನೋ ಹೇಳಲು ಬಾಯಿ ತೆರೆದರು. ಗುರಿಕಾರರು ಅತ್ತ ನೋಡಿದರು, ಬಾಯಿ ಮುಚ್ಚಿತು.

"ಹಾಗಾದರೆ ಬರೆದು ಕೊಡುವ. ಎಷ್ಟು ಬೇಕು, ಒಂದಾ, ಮನೆಗೆ ಒಂದರ ಹಾಗಾ?"

ನಾನು ತಪ್ಪು ಮಾಡಿದ್ದು ಇಲ್ಲಿ. ನನ್ನ ಕಣ್ಣಿಗೆ ಬಂದದ್ದು ರಿಜಿಸ್ಟರು. ಮನೆಗೊಂದರ ಹಾಗೆ ಬಂದರೆ ನೂರಾರು ಸಾಲು, ನೂರಾರು ನಂಬರು, ಫೈಲು ದಪ್ಪ, ದಪ್ಪ ಫೈಲು ಕಂಡರೆ ಸಾಹೇಬರ ಹುಬ್ಬು ಮೇಲೆ. "ಒಂದು ಸಾಕು. ಎಲ್ಲರ ಪರವಾಗಿ ನೀವು ಹಾಕಿದರೆ ಆಯ್ತಲ್ಲ" ಎಂದೆ.

ಗುರಿಕಾರರಿಗೆ ಅದು ಸರಿ ಎಂದೇ ತೋರಿತು. ಅವರ ಪದ್ಧತಿಯೂ ಅದೇ ತಾನೇ? ಒಂದು ಬಲೆ, ಒಂದು ಮಾತು. ಗುರಿಕಾರ ಹೇಳಿದ ಮೇಲೆ ಇನ್ನೊಬ್ಬ ಬಾಯಿ ತೆರೆದರೆ ಅದು ಊರಿಗೆ ಎದುರು ನಿಂತ ಹಾಗೆ. ಒಂದು ಅರ್ಜಿ, ಕೆಳಗೆ ಒಂದು ಹೆಬ್ಬೆಟ್ಟು. ನಾನು ನಂಬರು ಕೊಟ್ಟು ನೆಮ್ಮದಿಯಿಂದ ಚಹಾ ಕುಡಿದೆ.

ಹಸಿರು ಬಹಳ ಚೆಂದ ಎಂದು ಬರೆದವರೂ ಇದ್ದರು. ಪೇಟೆಯ ಬಂಗಲೆಗಳಿಂದ ಬಂದ ಕಾಗದಗಳು. ಒಂದೇ ಮನೆಯಿಂದ ಗಂಡ ಒಂದು, ಹೆಂಡತಿ ಒಂದು, ಮಾವ ಒಂದು. ಎಲ್ಲ ಟೈಪು ಮಾಡಿದ್ದು. ಒಬ್ಬರು ಬೆಂಚು ಕೇಳಿದ್ದರು, ಇನ್ನೊಬ್ಬರು ವಿದ್ಯುದ್ದೀಪ. ಮಾವ ಮಾತ್ರ, ಮೀನಿನ ವಾಸನೆ ತಡೆಯಲು ಗಾಳಿಮರ ನೆಡಬೇಕೆಂದು ಸಲಹೆ ಕೊಟ್ಟಿದ್ದರು. ವಾಸನೆ ಎಲ್ಲಿಂದ ಬರುತ್ತದೆ ಎಂದು ಅವರಿಗೆ ಗೊತ್ತುಂಟು ಅಂದ ಹಾಗಾಯಿತು. ಖಾಲಿ ಜಾಗದಿಂದ ವಾಸನೆ ಬರುತ್ತದಾ ಎಂದು ಕೇಳುವ ಬುದ್ಧಿ ನಮ್ಮ ಕಚೇರಿಯಲ್ಲಿ ಯಾರಿಗೂ ಬರಲಿಲ್ಲ.

ಅಹವಾಲು ಕೇಳುವ ದಿನ ಗುರಿಕಾರರು ಇಪ್ಪತ್ತು ಮೂವತ್ತು ಜನರ ಜೊತೆ ಬಂದರು. ಅವರು ತುಳುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಹೇಳಿದ್ದು ಸರಿಯಾಗಿಯೇ ಹೇಳಿದೆ, ದೇವರಾಣೆ. ಕೇಳಿದ ಮೇಲೆ ಸಾಹೇಬರು ಉಳಿದವರ ಕಡೆ ತಿರುಗಿ ಬಹಳ ಸೌಜನ್ಯದಿಂದ, "ನೀವೂ ಹೇಳಿ. ಹೆದರಬೇಡಿ" ಎಂದರು.

ಯಾರೂ ಮಾತಾಡಲಿಲ್ಲ. ಒಬ್ಬ ಮುದುಕ ಮಾತ್ರ, "ಅವರು ಹೇಳಿ ಆಯ್ತಲ್ಲ" ಎಂದ.

ಸಾಹೇಬರು ಬರೆದುಕೊಂಡದ್ದು ಏನು ಗೊತ್ತೇ? ‘ಹಾಜರಿದ್ದ ಇತರರಿಗೆ ಯಾವ ಆಕ್ಷೇಪಣೆಯೂ ಇರುವುದಿಲ್ಲ.’ ಶುದ್ಧ ಪ್ರತಿ ಮಾಡಿದವನು ನಾನು. ಕೊನೆಗೆ ಲೆಕ್ಕ ತೆಗೆದಾಗ ಹಸಿರಿನ ಪರವಾಗಿ ಒಂದು ಕಟ್ಟು ಕಾಗದ, ವಿರೋಧವಾಗಿ ಒಂದು ಹೆಬ್ಬೆಟ್ಟು. ಕಡಲಲ್ಲಿ ಹಗ್ಗ ಎಳೆಯುವಾಗ ನೂರು ಕೈ ಇದ್ದದ್ದು ನಮ್ಮ ಫೈಲಿಗೆ ಬಂದು ಒಂದು ಬೆರಳು ಆಯಿತು.

ಸಾರ್ವಜನಿಕರ ಅಭಿಪ್ರಾಯ ಪಡೆದು ತಿದ್ದಿದ ನಿಯಮಗಳು ಬಂದಾಗ ನಾನು ಓದಿದೆ. ಮತ್ತೊಮ್ಮೆ ಓದಿದೆ. ತಪ್ಪು ಓದಿದೆನೇನೋ ಎಂದು ಕನ್ನಡಕ ಒರೆಸಿ ಓದಿದೆ. ಬೆಂಗ್ರೆಯವರ ಕಷ್ಟವನ್ನು ಸಹಾನುಭೂತಿಯಿಂದ ಪರಿಶೀಲಿಸಿ ವಿನಾಯಿತಿ ಕೊಡಲಾಗಿತ್ತು. ಹಸಿರು ಹಸಿರಾಗಿಯೇ ಇರುತ್ತದೆ. ಆದರೆ ವಿಹಾರಕ್ಕೆ ಜನ ಬಾರದ ಮಳೆಗಾಲದ ತಿಂಗಳುಗಳಲ್ಲಿ ಬಲೆ ಮತ್ತು ಮೀನು ಒಣಗಿಸಲು ಅಡ್ಡಿ ಇಲ್ಲ.

ಮಳೆಯಲ್ಲಿ ಒಣಗಿಸಬಹುದು! ಕಡಲು ಮುಚ್ಚಿರುವ, ಬಲೆ ಅಟ್ಟದಲ್ಲಿರುವ, ಬಿಸಿಲೇ ಇಲ್ಲದ ತಿಂಗಳಲ್ಲಿ, ಹಿಡಿಯದ ಮೀನನ್ನು ಮಳೆಯ ಅಡಿಯಲ್ಲಿ ಒಣಗಿಸಲಿಕ್ಕೆ ಸರಕಾರದ ಅಪ್ಪಣೆ!

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಶಾಲೆಯ ಟೀಚರು, ಮಕ್ಕಳ ಪುಸ್ತಕ ತಿದ್ದುತ್ತಾ ಕೂತಿದ್ದಳು. ಕೆಂಪು ಪೆನ್ಸಿಲು ಕೆಳಗಿಟ್ಟು, "ಒಂದು ಸಾಕು ಎಂದು ಹೇಳಿದ್ದು ಯಾರು?" ಎಂದು ಕೇಳಿದಳು.

"ನಾನು."

"ಮತ್ತೆ ನನ್ನ ಹತ್ತಿರ ಎಂತದ್ದಕ್ಕೆ ಕೂಗುತ್ತೀರಿ?"

ತಿದ್ದಿದ ನಿಯಮಕ್ಕೂ ಆಕ್ಷೇಪಣೆ ಹಾಕಲು ಇನ್ನೊಂದು ಅವಕಾಶ ಇತ್ತು. ಈ ಸಲ ಮನೆಗೊಂದು ಬರಬೇಕು, ಒಂದರ ಹಾಗೆ ಇನ್ನೊಂದು ಇರಬಾರದು, ಒಂದೇ ಒಕ್ಕಣೆ ಇದ್ದರೆ ಎಲ್ಲ ಸೇರಿಸಿ ಒಂದೇ ಎಂದು ಲೆಕ್ಕ ಹಾಕುತ್ತಾರೆ. ಆದರೆ ನಾನು ಬರೆದುಕೊಟ್ಟರೆ ಅಕ್ಷರ ಗುರುತು ಸಿಗುತ್ತದೆ. ಎಡಗೈಯಲ್ಲಿ ಬರೆದು ನೋಡಿದೆ. ಹೆಂಡತಿ ಇಣುಕಿ, "ಯಾವ ಕೈಯಲ್ಲಿ ಬರೆದರೂ ನಿಮ್ಮ ಅಕ್ಷರ ಯಾರಿಗೂ ಓದಲಿಕ್ಕೆ ಆಗುವುದಿಲ್ಲ, ಹೆದರಬೇಡಿ. ನಾನೇ ಬರುತ್ತೇನೆ" ಎಂದಳು. ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಇಬ್ಬರೂ ಕಡವಿಗೆ ಹೋದೆವು. ದೋಣಿಯಲ್ಲಿ ಪರಿಚಯದವರು ಯಾರಾದರೂ ಇದ್ದಾರಾ ಎಂದು ನಾನು ಹುಡುಕುತ್ತಾ ಇದ್ದೆ. "ಎಲ್ಲಿಗೆ?" ಎಂದು ಯಾರಾದರೂ ಕೇಳಿದರೆ "ಗಾಳಿಗೆ" ಎಂದು ಹೇಳುವ ಎಂದು ಉತ್ತರ ಸಿದ್ಧ ಮಾಡಿದ್ದೆ. ಯಾರೂ ಕೇಳಲಿಲ್ಲ.

ಗುರಿಕಾರರು ಒಪ್ಪಲಿಲ್ಲ. ದೋಣಿಯ ನೆರಳಿನಲ್ಲಿ ನಮ್ಮನ್ನು ಕೂರಿಸಿ, ಎಳನೀರು ಕೊಟ್ಟು, ಆಮೇಲೆ ಹೇಳಿದರು: "ನಾನು ಒಂದು ಹೇಳಿ ಆಗಿದೆ. ಅದರ ಮೇಲೆ ಇವರೆಲ್ಲ ಒಬ್ಬೊಬ್ಬರು ಹೇಳಿದರೆ, ನನ್ನ ಮಾತಿಗೆ ಕಿಮ್ಮತ್ತಿಲ್ಲ ಎಂದು ಇವರೇ ಬರೆದು ಕೊಟ್ಟ ಹಾಗಲ್ವಾ? ನಮ್ಮ ಅಜ್ಜಂದಿರ ಕಾಲದಿಂದ ಹಾಗೆ ಆದದ್ದಿಲ್ಲ."

"ನಮ್ಮ ಕಚೇರಿಯಲ್ಲಿ ಹಾಗೆಯೇ ಲೆಕ್ಕ" ಎಂದೆ.

"ನಿಮ್ಮ ಕಚೇರಿಗೆ ಬುದ್ಧಿ ಇಲ್ಲ ಎಂದು ನಾವು ನಮ್ಮ ಕ್ರಮ ಬಿಡುವುದಾ?"

ಅವರು ಹೇಳಿದ್ದು ಸರಿಯೇ. ಮನುಷ್ಯರು ಒಟ್ಟಾಗಿ ಬದುಕಲು ಮಾಡಿಕೊಂಡ ಒಂದು ಒಳ್ಳೆಯ ಪದ್ಧತಿಯನ್ನು, ಸಾಲು ಎಣಿಸುವ ಸುಲಭಕ್ಕಾಗಿ ಮುರಿಯಿರಿ ಎಂದು ನಾನು ಕೇಳುತ್ತಿದ್ದೆ. ಎಳನೀರನ್ನು ಕೆಳಗಿಟ್ಟೆ.

ಆಗ ಪಕ್ಕದಲ್ಲಿ ಬಂಗುಡೆ ಒಣಗಿಸುತ್ತಿದ್ದ ಹೆಂಗಸೊಬ್ಬಳು, ಕಾಗೆ ಓಡಿಸುವ ಕೋಲು ಹಿಡಿದುಕೊಂಡೇ ಬಂದಳು. "ಗುರಿಕಾರ್ರೆ, ನೀವು ಹೇಳಿದ್ದು ಬಲೆಯ ಮಾತು. ನನ್ನ ಮೀನಿನ ಮಾತು ಯಾರು ಹೇಳಿದ್ದು? ನನ್ನ ಗಂಡ ಕಡಲಿಗೆ ಹೋದವ ಬರಲಿಲ್ಲ, ನನಗೆ ಬಲೆಯಲ್ಲಿ ಪಾಲಿಲ್ಲ. ಈ ನಾಲ್ಕು ಚಾಪೆ ಹೊಯಿಗೆ ಉಂಟು, ಅಷ್ಟೇ. ಅದಕ್ಕೆ ಹುಲ್ಲು ನೆಟ್ಟರೆ ನಾನು ಹುಲ್ಲು ತಿನ್ನುವುದಾ?"

ಗುರಿಕಾರರು ಅವಳ ಕಡೆ ತಿರುಗಿದರು. ಬೈಯುತ್ತಾರೆ ಎಂದು ನಾನು ಹೆದರಿದೆ. ಅವರು ಎದ್ದು ಬೈರಾಸು ಕೊಡವಿ ಹೆಗಲಿಗೆ ಹಾಕಿಕೊಂಡರು. "ನನಗೆ ಅತ್ತ ದೋಣಿಯ ಕೆಲಸ ಉಂಟು. ನಾನು ಇಲ್ಲದಾಗ ಇಲ್ಲಿ ಎಂತ ನಡೆಯುತ್ತದೆ ಎಂದು ನನಗೆ ಗೊತ್ತಿಲ್ಲ" ಎಂದು ಹೇಳಿ, ನಮ್ಮ ಕಡೆ ಬೆನ್ನು ಹಾಕಿ ಕಡಲ ಅಂಚಿಗೆ ನಡೆದರು. ಸಂಜೆಯವರೆಗೆ ತಿರುಗಿ ನೋಡಲಿಲ್ಲ.

ಅವರ ಬೆನ್ನು ತಿರುಗಿದ್ದೇ ತಡ, ಕೇರಿಗೆ ಕೇರಿಯೇ ಬಾಯಿ ಬಿಟ್ಟಿತು. ಹೆಂಡತಿ ಬರೆಯುವುದು, ನಾನು ತುಳುವನ್ನು ಕನ್ನಡ ಮಾಡುವುದು. ಎಲ್ಲರೂ ಅವಳನ್ನು ಸುತ್ತುಗಟ್ಟಿದರು. "ಬಾಯಮ್ಮ, ನನ್ನದು ಮೊದಲು!" "ನನ್ನದರಲ್ಲಿ ಸ್ವಲ್ಪ ಬೈಗುಳ ಹಾಕಿ!" ಒಬ್ಬ ಬಲೆಯ ಉದ್ದ ಹೇಳಿದ. ಒಬ್ಬ ನೂಲು ಕೊಳೆಯುವ ವಾಸನೆ ಹೇಗಿರುತ್ತದೆ ಎಂದು ಬರೆಸಿದ. ಮೀನಿನ ಹೆಂಗಸು ಹುಲ್ಲಿನ ಮಾತನ್ನೇ ಬರೆಯಬೇಕೆಂದು ಹಟ ಹಿಡಿದಳು. ಹೆಂಡತಿ ಒಂದಕ್ಷರ ಬಿಡದೆ ಬರೆದಳು. ಮುದುಕನೊಬ್ಬ, "ಉದ್ಯಾನ ಬೇಕಾದರೆ ಸಾಹೇಬರ ಅಂಗಳದಲ್ಲಿ ಮಾಡಲಿ, ನಾವು ಹೋಗಿ ಗಾಳಿ ತೆಗೆದುಕೊಳ್ಳುತ್ತೇವೆ" ಎಂದ. ಅದನ್ನು ಮಾತ್ರ ನಾನು ಬೇಡ ಎಂದೆ. ಹೆಂಡತಿ ಅದನ್ನೂ ಬರೆದಳು. ಎರಡು ಆದಿತ್ಯವಾರ ಹಿಡಿಯಿತು.

ಆ ಕಟ್ಟು ಕಚೇರಿಗೆ ಬಂದ ದಿನ ಒಂದೊಂದನ್ನೂ ಮೊದಲ ಸಲ ನೋಡುವವನ ಹಾಗೆ ಮುಖ ಮಾಡಿಕೊಂಡು ನಂಬರು ಕೊಟ್ಟೆ. ಸಾಹೇಬರು ನಾಲ್ಕೈದು ತಿರುವಿ, "ಅಕ್ಷರ ಮುದ್ದಾಗಿದೆಯಲ್ರೀ. ಯಾರು ಬರೆದುಕೊಟ್ಟದ್ದು?" ಎಂದರು. "ಯಾರೋ ಟೀಚರು ಇರಬೇಕು ಸಾರ್" ಎಂದೆ. ಸುಳ್ಳು ಹೇಳಲಿಲ್ಲ.

ಕಾಗದ ಇಷ್ಟು ಬಂದ ಮೇಲೆ ಮತ್ತೊಮ್ಮೆ ಸ್ಥಳ ನೋಡಲೇಬೇಕಾಯಿತು. ಈ ಸಲ ಡಿಸೆಂಬರು, ನಿಗಿನಿಗಿ ಬಿಸಿಲು. ಹೊಯಿಗೆಯ ಈ ತುದಿಯಿಂದ ಆ ತುದಿಗೆ ಬಲೆ, ಬಲೆಯ ಆಚೆ ಚಾಪೆಗಳು, ಚಾಪೆಯ ಮೇಲೆ ಬಂಗುಡೆ, ಹಗ್ಗ ಸುತ್ತುವವರು, ಬಲೆಯ ಹರಿದ ಕಣ್ಣು ಹೆಣೆಯುವವರು. ನನಗೆ ಎಷ್ಟು ಖುಷಿಯಾಯಿತು ಎಂದರೆ, ಈಗ ಗೊತ್ತಾಗಲಿ ಎಂದು ಸಾಹೇಬರ ಮುಖವನ್ನೇ ನೋಡುತ್ತಾ ನಿಂತೆ. ಅವರ ಮುಖ ಗಂಟಾಯಿತು.

"ಜುಲೈಯಲ್ಲಿ ಪೂರ್ತಿ ಖಾಲಿ ಇತ್ತು. ನೀವೇ ಇದ್ದಿರಲ್ರೀ. ಐದು ತಿಂಗಳಲ್ಲಿ ಇಷ್ಟು ಒತ್ತುವರಿ ಮಾಡಿದ್ದಾರಲ್ಲ ಇವರು!"

ಒತ್ತುವರಿ! ನನ್ನ ಕಿವಿ ಬಿಸಿಯಾಗುತ್ತದೆ ಎಂದೆನಲ್ಲ, ಅದು ಆಗ ಶುರುವಾದದ್ದು. ನನ್ನ ಬಾಯಿಯಿಂದ ಒಂದು ಮಾತು ಹೊರಗೆ ಬಿತ್ತು. ಅದು ನನ್ನದೇ ಸ್ವರ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಸಾರ್, ನಾವು ಬಂದದ್ದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಬಂದು ಖಾಲಿ ಎಂದು ಬರೆದದ್ದು ನಾವು. ಇವರು ಎಲ್ಲಿಗೂ ಹೋಗಿರಲಿಲ್ಲ, ಮನೆಯಲ್ಲಿದ್ದರು."

"ಆಗ ಯಾಕೆ ಹೇಳಲಿಲ್ಲ?"

"ಕೊಡೆ ಹಿಡಿದಿದ್ದೆ ಸಾರ್."

ಅವರು ನನ್ನನ್ನು ವಿಚಿತ್ರವಾಗಿ ನೋಡಿ ಮುಂದೆ ನಡೆದರು. ಮೂರು ದಿನ ನನಗೆ ನಿದ್ದೆ ಬರಲಿಲ್ಲ. ಕೆಲಸದಿಂದ ತೆಗೆಯಲಿಲ್ಲ, ವರ್ಗವನ್ನೂ ಮಾಡಲಿಲ್ಲ. ಹೆದರಿದ್ದಕ್ಕೆ ತಕ್ಕ ಫಲವೂ ಸಿಗದ ಬದುಕು ನನ್ನದು.

ಕೊನೆಯ ನಕ್ಷೆಯಲ್ಲಿ ಹಸಿರು ಇರಲಿಲ್ಲ. ಸಾಹೇಬರು ಸ್ವತಃ ನನ್ನನ್ನು ಕರೆದು ತೋರಿಸಿದರು, "ನೋಡಿ, ಜನರ ಮಾತಿಗೆ ಬೆಲೆ ಕೊಟ್ಟಿದ್ದೇವೆ" ಎಂದು. ಹಸಿರು ಹೋದ ಜಾಗದಲ್ಲಿ ಬೇರೆ ಬಣ್ಣವೂ ಇರಲಿಲ್ಲ. ಬರೀ ಬಿಳಿ ಕಾಗದ, ಅದರ ಮೇಲೆ ಚಿಕ್ಕ ಅಕ್ಷರದಲ್ಲಿ ‘ಖಾಲಿ ಜಾಗ, ಮುಂದೆ ತೀರ್ಮಾನಿಸತಕ್ಕದ್ದು.’

ಸುದ್ದಿ ಹೇಳಲು ನಾನೇ ಬೆಂಗ್ರೆಗೆ ಹೋದೆ. ಗುರಿಕಾರರು ಕೇಳಿಸಿಕೊಂಡು, "ಹಸಿರು ತೆಗೆದರಲ್ಲ, ಒಳ್ಳೆಯದಾಯ್ತು. ಈಗ ಎಂತ ಬರೆದಿದ್ದಾರೆ?" ಎಂದರು. ಹೇಳಿದೆ.

"ಅಷ್ಟು ಜನ ಅಷ್ಟು ಬರೆದು ಕೊಟ್ಟ ಮೇಲೆಯೂ ಖಾಲಿಯಾ?"

"ಹೌದು."

"ಮುಂದೆ ಎಂದರೆ ಯಾವಾಗ?"

"ಅದು ಬರೆದಿಲ್ಲ."

"ನಮ್ಮದು ಎಂದು ಬರೆಯಲಿಕ್ಕೆ ಅವರಿಗೆ ಎಂತ ಕಷ್ಟ ಮಾರಾಯ್ರೆ? ಮೂರು ಅಕ್ಷರ."

ಅಷ್ಟರಲ್ಲಿ ಅತ್ತ ಕೂಗು ಎದ್ದಿತು. ಎಳೆದ ಬಲೆಯನ್ನು ಹೊತ್ತುಕೊಂಡು ಸಾಲಾಗಿ ಬರುತ್ತಿದ್ದರು, ನೀರು ಸುರಿಯುತ್ತಿತ್ತು. "ಓ ಪೊರ್ಬುಲೇ, ಆಚೆ! ಬಲೆ ಬರ್ತಾ ಉಂಟು!" ನಾನು ಆಚೆ ಸರಿದೆ. ಅಲ್ಲಿ ಬಲೆಯ ಇನ್ನೊಂದು ಮಡಿಕೆ ಬಂತು, ಇನ್ನೂ ಸರಿದೆ. ಚಾಪೆ ತುಳಿದೆ. ಮೀನಿನ ಹೆಂಗಸು ಕೋಲು ಎತ್ತಿ, "ಕಣ್ಣು ಎಲ್ಲಿ ಇಟ್ಟಿದ್ದೀರಿ?" ಎಂದು ಬೈದಳು. ಸರಿಯುತ್ತಾ ಸರಿಯುತ್ತಾ ಚಪ್ಪಲಿ ಸಮೇತ ನೀರಿಗೆ ಇಳಿದೆ. ಅಷ್ಟು ದೊಡ್ಡ ಖಾಲಿ ಜಾಗದಲ್ಲಿ ನನ್ನ ಎರಡು ಕಾಲು ಊರಲು ಎಡೆ ಇರಲಿಲ್ಲ.

ಮರುದಿನ ಕಚೇರಿಯಲ್ಲಿ ಒಂದು ಬಿಳಿ ಹಾಳೆ ತೆಗೆದುಕೊಂಡು ನನ್ನ ಸ್ವಂತ ಅಕ್ಷರದಲ್ಲಿ, ಬಲಗೈಯಲ್ಲಿ, ನನ್ನ ಸ್ವಂತ ಹೆಸರು ಹಾಕಿ ಒಂದು ಆಕ್ಷೇಪಣೆ ಬರೆದೆ. ಸದರಿ ಜಾಗ ಖಾಲಿ ಇಲ್ಲ, ಅಲ್ಲಿ ಜನ ದುಡಿಯುತ್ತಾರೆ, ಖಾಲಿ ಎಂಬುದು ನಮ್ಮ ತಪ್ಪು, ಆ ತಪ್ಪಿನಲ್ಲಿ ನನ್ನದೂ ಪಾಲಿದೆ ಎಂದು. ಸರಕಾರಿ ನೌಕರ ಹಾಗೆ ಬರೆಯಬಾರದು ಎಂದು ನನಗೆ ಗೊತ್ತಿತ್ತು. ನನ್ನ ಮೇಜಿನಿಂದ ನನ್ನ ಮೇಜಿಗೇ ಸಲ್ಲಿಸಿ, ರಿಜಿಸ್ಟರು ತೆರೆದು ಮುಂದಿನ ನಂಬರು ಕೊಟ್ಟೆ. ಆಕ್ಷೇಪಣೆಯ ಅವಧಿ ಮುಗಿದು ಎಷ್ಟೋ ವಾರ ಕಳೆದಿತ್ತು. ಆದ್ದರಿಂದ ನಿಯಮದ ಪ್ರಕಾರ ಕೊನೆಯ ಅಂಕಣದಲ್ಲಿ ‘ಅವಧಿ ಮೀರಿ ಬಂದಿದೆ, ಪರಿಗಣಿಸಲು ಬರುವುದಿಲ್ಲ’ ಎಂದು ಷರಾ ಬರೆದವನೂ ನಾನೇ. ಅಕ್ಷರ ಈ ಸಲ ಯಾರಿಗಾದರೂ ಓದಲು ಬರುವ ಹಾಗೆ ಬಂತು. ಸಾಹೇಬರ ಸಹಿಗೆಂದು ರಿಜಿಸ್ಟರನ್ನು ಎತ್ತಿಕೊಂಡು ಒಳಗೆ ಹೋದೆ.